ಪುನೋದಿಂದ ಕೋಪಕಬಾನಾಕ್ಕೆ: ಬಸ್ಸೋ, ಕೊಂಬಿಯೋ, ಕಾರೋ?

ಪ್ರಶ್ನೆ: ನಮ್ಮೂರು ಹಾಸನ, ಸದ್ಯ ಇರುವುದು ನ್ಯೂಜೆರ್ಸಿಯಲ್ಲಿ. ನಾನು, ನನ್ನ ಹೆಂಡತಿ, ಊರಿಂದ ಬಂದಿರುವ ಅಮ್ಮ (66 ವರ್ಷ) ಮೂವರೂ ಜೂನ್‌ನಲ್ಲಿ ಪೆರು ನೋಡಿಕೊಂಡು, ಪುನೋದಿಂದ ಬೊಲಿವಿಯಾದ ಕೋಪಕಬಾನಾಕ್ಕೆ ನೆಲದ ಮೇಲೇ ಹೋಗಬೇಕೆಂದಿದ್ದೇವೆ. ಟೂರಿಸ್ಟ್ ಬಸ್ಸು, ಕೊಂಬಿ ಎಂಬ ಅಲ್ಲಿನ ವ್ಯಾನು, ಬಾಡಿಗೆ ಕಾರು, ಸರೋವರದ ದೋಣಿ ಪ್ಯಾಕೇಜು ಎಂದು ನಾಲ್ಕು ದಾರಿ ಕಾಣುತ್ತಿವೆ. ಅಮ್ಮನಿಗೆ ಮಂಡಿನೋವಿದೆ, ಬಿ.ಪಿ. ಮಾತ್ರೆ ತಗೊಳ್ತಾರೆ, ಊಟ ಸಸ್ಯಾಹಾರ. ಮೂವರದ್ದೂ ಭಾರತದ ಪಾಸ್‌ಪೋರ್ಟ್. ಬೊಲಿವಿಯಾ ವೀಸಾ ಇನ್ನೂ ಮಾಡಿಸಿಲ್ಲ, 'ಗಡಿಯಲ್ಲೇ ಕೊಡ್ತಾರೆ' ಎಂದು ಸ್ನೇಹಿತರೊಬ್ಬರು ಹೇಳಿದರು. ಯಾವುದನ್ನು ಹಿಡಿಯಲಿ?

ಉತ್ತರ: ನಿಮ್ಮ ಪತ್ರದ ಕೊನೆಗೆ ಬಂದ ವೀಸಾದ ಮಾತಿನಿಂದ ಶುರುಮಾಡುತ್ತೇನೆ. ಯಾವ ಗಾಡಿ ಹತ್ತಬೇಕೆಂಬುದು ಅದರ ಮೇಲೇ ನಿಂತಿದೆ.

ಪುನೋದಿಂದ ಕೋಪಕಬಾನಾಕ್ಕೆ ಹೆಚ್ಚುಕಡಿಮೆ 145 ಕಿಲೋಮೀಟರ್. ನಿಮ್ಮ ಹಾಸನದಿಂದ ಮಂಗಳೂರಿನಷ್ಟೂ ದೂರವಿಲ್ಲ, ಶಿರಾಡಿಯಂಥ ಘಾಟಿಯೂ ಇಲ್ಲ. ಟಿಟಿಕಾಕಾ ಸರೋವರದ ದಡ ಹಿಡಿದು ಸಾಗುವ ಟಾರು ರಸ್ತೆ. ಬಸ್ಸಾದರೂ ಕಾರಾದರೂ ಗಡಿಯ ಕೆಲಸವೂ ಸೇರಿ ಮೂರೂವರೆ ನಾಲ್ಕು ಗಂಟೆ ಹಿಡಿಯುತ್ತದೆ. ಹಾಗಾಗಿ ಬೇಗ ಹೋಗುವ ಗಾಡಿ ಯಾವುದು ಎಂದು ಹುಡುಕಿ ಪ್ರಯೋಜನವಿಲ್ಲ. ಗಡಿಯಲ್ಲಿ ನಿಮ್ಮ ಕೆಲಸ ತಡವಾದರೆ ಕಾಯುವ ಗಾಡಿ ಯಾವುದು ಎಂದು ಕೇಳಿ.

ತಡ ಆಗಿಯೇ ಆಗುತ್ತದೆ. ಬಸ್ಸಿನಲ್ಲಿ ನಿಮ್ಮ ಜೊತೆಗಿರುವ ಜರ್ಮನಿಯವರು, ಫ್ರಾನ್ಸಿನವರು ಪಾಸ್‌ಪೋರ್ಟ್ ಚಾಚುತ್ತಾರೆ, ಮುದ್ರೆ ಬೀಳುತ್ತದೆ, ಮುಂದೆ ನಡೆಯುತ್ತಾರೆ. ನಮ್ಮ ಪಾಸ್‌ಪೋರ್ಟ್ ಕಿಟಕಿಯೊಳಗೆ ಹೋಯಿತೆಂದರೆ ಒಳಗಿನವರು ಒಮ್ಮೆ ಹಾಳೆ ತಿರುವಿ, ಪಕ್ಕದವರಿಗೆ ತೋರಿಸಿ, ಎದ್ದು ಇನ್ನೊಂದು ಕೋಣೆಗೆ ಹೋಗುತ್ತಾರೆ. ಅದು ಅಪಮಾನವೇನಲ್ಲ. ಆ ಗಡಿಯಲ್ಲಿ ಭಾರತದವರು ಅಪರೂಪ, ಅಷ್ಟೆ. ಆದರೆ ಆ ಹದಿನೈದು ಇಪ್ಪತ್ತು ನಿಮಿಷ ಮೂವರಿಗೆ ಮುಕ್ಕಾಲು ಗಂಟೆಯಾಗುತ್ತದೆ, ಬಸ್ಸಿನವನು ಗಡಿಯಾರ ನೋಡತೊಡಗುತ್ತಾನೆ.

ನನ್ನನ್ನು ಒಮ್ಮೆ ಹೀಗೇ ಬಿಟ್ಟುಹೋದರು. ಗಡಿಯಲ್ಲೇ ವೀಸಾ ಮಾಡಿಸಿಕೊಂಡರಾಯಿತು ಎಂಬ ಧೈರ್ಯ ನನಗೂ ಇತ್ತು. ಒಳಗೆ ಯಾವುದೋ ಕಾಗದದ ಜೆರಾಕ್ಸ್ ಕೇಳಿದರು. ಜೆರಾಕ್ಸ್ ಅಂಗಡಿ ಇದ್ದದ್ದು ವಾಪಸ್ ಪೆರುವಿನ ಕಡೆ. ಆ ಎತ್ತರದಲ್ಲಿ ನೂರು ಹೆಜ್ಜೆ ಬಿರುಸಾಗಿ ನಡೆದರೆ ಎದೆ ಕಮ್ಮಾರನ ತಿದಿಯ ಹಾಗೆ ಹೊಡೆದುಕೊಳ್ಳುತ್ತದೆ. ಹೋಗಿ, ಮಾಡಿಸಿ, ಏದುಸಿರು ಬಿಡುತ್ತ ಬಂದು, ವೀಸಾ ಅಂಟಿಸಿಕೊಂಡು ಹೊರಬರುವಷ್ಟರಲ್ಲಿ ಬಸ್ಸು ನಿಂತಿದ್ದ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ಸೂಟ್‌ಕೇಸು ಬಸ್ಸಿನ ಡಿಕ್ಕಿಯಲ್ಲೇ ಹೋಗಿತ್ತು. ಮಿನಿಬಸ್ಸು ಹಿಡಿದು ಕೋಪಕಬಾನಾ ಮುಟ್ಟಿದೆ. ಚೌಕದ ಮೂಲೆಯಲ್ಲಿ ನನ್ನ ಸೂಟ್‌ಕೇಸಿನ ಮೇಲೇ ಕೂತು ಬಸ್ಸಿನ ಹುಡುಗ ಪಾಸಂಕಾಯಾ ತಿನ್ನುತ್ತಿದ್ದ. ಹೆಬ್ಬೆರಳಿನಷ್ಟು ದೊಡ್ಡದಾಗಿ ಅರಳುವ, ಸಿಹಿಯಾದ ಮೆಕ್ಕೆಜೋಳದ ಅರಳು ಅದು, ಆ ಊರಿನ ವಿಶೇಷ. ನನ್ನನ್ನು ನೋಡಿ ನಕ್ಕು ಒಂದು ಹಿಡಿ ಕೊಟ್ಟ. ಬೈಯಲು ಬಾಯಿ ಬರಲಿಲ್ಲ.

ಆ ದಿನ ನಾನು ಒಬ್ಬನೇ ಇದ್ದೆ, ಬೆನ್ನಿಗೆ ಚೀಲ, ಮೊಣಕಾಲು ಗಟ್ಟಿ. ನೀವು ಅಮ್ಮನನ್ನು ಕರೆದುಕೊಂಡು ಹೊರಟವರು.

ಹಾಗಾಗಿ ಮೊದಲು ವೀಸಾ. ಪೆರುವಿಗೆ ನಿಮಗೆ ತೊಂದರೆಯಾಗದು. ಕನಿಷ್ಠ ಆರು ತಿಂಗಳು ಚಾಲ್ತಿಯಿರುವ ಅಮೆರಿಕದ ವೀಸಾ ಇರುವ ಭಾರತೀಯರಿಗೆ ಪೆರು ಬೇರೆ ವೀಸಾ ಕೇಳುವುದಿಲ್ಲ, ಅಮ್ಮನ ವಿಸಿಟರ್ ವೀಸಾಕ್ಕೂ ಇದು ಅನ್ವಯ. ಎಷ್ಟು ತಿಂಗಳು ಉಳಿದಿದೆ ಎಂದು ಮೂವರ ಪಾಸ್‌ಪೋರ್ಟನ್ನೂ ಇವತ್ತೇ ತೆಗೆದು ನೋಡಿ. ಬೊಲಿವಿಯಾ ಆ ಅಮೆರಿಕ ವೀಸಾವನ್ನು ಲೆಕ್ಕಕ್ಕಿಡುವುದಿಲ್ಲ, ತನ್ನದೇ ವೀಸಾ ಆಗಬೇಕು. ಅದನ್ನು ಅಮೆರಿಕದಲ್ಲಿರುವಾಗಲೇ ಬೊಲಿವಿಯಾ ಕಾನ್ಸುಲೇಟಿನಲ್ಲಿ ಮುಗಿಸಿಬಿಡಿ. ಆಗದಿದ್ದರೆ ಪೆರುವಿನ ಕುಸ್ಕೋದಲ್ಲೂ ಪುನೋದಲ್ಲೂ ಬೊಲಿವಿಯಾದ ಕಾನ್ಸುಲೇಟ್‌ಗಳಿವೆ, ಪ್ರಯಾಣಕ್ಕೆ ಎರಡು ಕೆಲಸದ ದಿನ ಮುಂಚೆಯಾದರೂ ಹೋಗಿ. ಜೂನ್ 21 ಅಲ್ಲಿನ ಮೂಲನಿವಾಸಿಗಳಾದ ಐಮಾರಾ ಜನರ ಹೊಸವರ್ಷ, ಬೊಲಿವಿಯಾದಲ್ಲಿ ರಾಷ್ಟ್ರೀಯ ರಜೆ, ಅದನ್ನು ತಪ್ಪಿಸಿ. ಪಾಸ್‌ಪೋರ್ಟಿನ, ಹೋಟೆಲ್ ಬುಕಿಂಗಿನ, ಬ್ಯಾಂಕ್ ಸ್ಟೇಟ್‌ಮೆಂಟಿನ ಜೆರಾಕ್ಸ್ ತಲಾ ಎರಡು, ಫೋಟೋ ನಾಲ್ಕು, ಮಡಿಕೆ ಬೀಳದ ಡಾಲರ್ ನೋಟು ಸ್ವಲ್ಪ. ವೀಸಾ ಕೈಯಲ್ಲಿದ್ದರೂ ಇವೆಲ್ಲ ಕೈಚೀಲದಲ್ಲೇ ಇರಲಿ, ಡಿಕ್ಕಿಗೆ ಹೋಗುವ ಸೂಟ್‌ಕೇಸಿನಲ್ಲಿ ಬೇಡ.

ಜೊತೆಗೆ ಹಳದಿ ಜ್ವರದ ಲಸಿಕೆ ಕಾರ್ಡು. ಪುನೋ ಕೋಪಕಬಾನಾಗಳ ಎತ್ತರದಲ್ಲಿ ಆ ಸೊಳ್ಳೆ ಬದುಕುವುದಿಲ್ಲ. ಆದರೂ ಭಾರತ ಸರ್ಕಾರದ ಪಟ್ಟಿಯಲ್ಲಿ ಪೆರು, ಬೊಲಿವಿಯಾ ಎರಡೂ ಹಳದಿ ಜ್ವರದ ದೇಶಗಳೇ. ಅಲ್ಲಿಂದ ಹೊರಟು ಆರು ದಿನದೊಳಗೆ ಬೆಂಗಳೂರಿನಲ್ಲಿ ಇಳಿದವರ ಹತ್ತಿರ ಕಾರ್ಡ್ ಇಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸಬಹುದು. ಅಮ್ಮ ಪ್ರವಾಸ ಮುಗಿಸಿ ನೇರ ಊರಿಗೆ ಹೊರಡುವವರಾದರೆ ಇದು ಅವರಿಗೇ ಮುಖ್ಯ. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲಷ್ಟೇ ಕಾರ್ಡಿಗೆ ಬೆಲೆ. ಅರವತ್ತು ದಾಟಿದವರಿಗೆ ಈ ಲಸಿಕೆಯನ್ನು ವೈದ್ಯರು ಯೋಚಿಸಿಯೇ ಕೊಡುತ್ತಾರೆ, ಆದ್ದರಿಂದ ಬೇಗ ಹೋಗಿ ಕೇಳಿ.

ಇನ್ನು ಗಾಡಿಗಳು.

ದೋಣಿಯನ್ನು ಮೊದಲೇ ಪಕ್ಕಕ್ಕಿಡೋಣ. ಸರೋವರದ ಮೇಲೆ ತೇಲುತ್ತ ಗಡಿ ದಾಟುತ್ತೇವೆ ಎಂದು ಪ್ಯಾಕೇಜಿನ ಚಿತ್ರ ನೋಡಿದವರು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಆ ಪ್ಯಾಕೇಜಿನಲ್ಲೂ ಪುನೋದಿಂದ ಗಡಿ ದಾಟಿಸುವುದು ಬಸ್ಸೇ, ಕಟಮರಾನ್ ಎಂಬ ಜೋಡಿ ಒಡಲಿನ ದೋಣಿ ಹತ್ತಿಸುವುದು ಬೊಲಿವಿಯಾ ಸೇರಿದ ಮೇಲೆ. ದುಬಾರಿ, ಜೊತೆಗೆ ಇಡೀ ದಿನದ ಓಟ. ಹಿಂದೊಮ್ಮೆ ನಿಜವಾಗಿಯೂ ಹಡಗಿನಲ್ಲಿ ಗಡಿ ದಾಟುತ್ತಿದ್ದರು. ಪುನೋದಿಂದ ಬೊಲಿವಿಯಾದ ಗ್ವಾಕಿಗೆ ಉಗಿಹಡಗು, ಅಲ್ಲಿಂದ ಲಾ ಪಾಸ್‌ಗೆ ರೈಲು. ಆ ಕಾಲದ ಯಾವರಿ ಎಂಬ ಹಡಗಂತೂ 1862ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗಿ, ಬಿಡಿಭಾಗಗಳಾಗಿ ಹೇಸರಗತ್ತೆಗಳ ಬೆನ್ನೇರಿ ಬೆಟ್ಟ ಹತ್ತಿ ಬಂದು, 1870ರಲ್ಲಿ ಈ ಸರೋವರಕ್ಕೆ ಇಳಿದದ್ದು. ಒಲೆಗೆ ಲಾಮಾದ ಒಣಗಿದ ಹಿಕ್ಕೆ. ಓದಲು ಚೆಂದದ ಕಥೆ, ನಿಮ್ಮ ಪ್ರಯಾಣಕ್ಕೆ ಉಪಯೋಗವಿಲ್ಲ.

ಕೊಂಬಿ ಎಂದರೆ ನಮ್ಮ ಕಡೆಯ ಟ್ರಾಕ್ಸಿನ ಅಣ್ಣ. ದೊಡ್ಡ ಬಸ್ಸುಗಳು ಹೊರಡುವ ತೆರ್ಮಿನಾಲ್ ತೆರೆಸ್ತ್ರೆ ಬೇರೆ. ಕೊಂಬಿ ಸಿಗುವುದು ಅಲ್ಲೇ ಹತ್ತಿರದ ತೆರ್ಮಿನಾಲ್ ಜೋನಾಲ್‌ನಲ್ಲಿ. ಹೊತ್ತುಗೊತ್ತಿಲ್ಲ, ಸೀಟು ತುಂಬಿದಾಗ ಹೊರಡುತ್ತದೆ. 'ಯುಂಗುಯೋ, ಯುಂಗುಯೋ, ಯುಂಗುಯೋ' ಎಂದು ಕೂಗುವ ಹುಡುಗನ ಧಾಟಿ ಕೇಳಿದರೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗಾಗುತ್ತದೆ. ಅದು ಬಿಡುವುದು ಯುಂಗುಯೋ ಪಟ್ಟಣದಲ್ಲಿ. ಅಲ್ಲಿಂದ ಎರಡು ಮೂರು ಕಿಲೋಮೀಟರ್ ದೂರದ ಕಸಾನಿ ಗಡಿಗೆ ಮೋಟೊಟ್ಯಾಕ್ಸಿ, ಅಂದರೆ ಆಟೊ, ಇಲ್ಲವೇ ಮುಂದೆ ಸೀಟಿರುವ ಸೈಕಲ್ ಗಾಡಿ. ಗಡಿಯನ್ನು ನಡೆದು ದಾಟಬೇಕು. ಆಚೆಯಿಂದ ಕೋಪಕಬಾನಾಕ್ಕೆ ಎಂಟು ಕಿಲೋಮೀಟರ್, ಇನ್ನೊಂದು ಮಿನಿಬಸ್ಸು.

ನನಗೆ ಕೊಂಬಿ ಇಷ್ಟ. ಒಬ್ಬರೋ ಇಬ್ಬರೋ ಗಟ್ಟಿಮುಟ್ಟಾದವರು ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ. ಪ್ರಯಾಣ ಮೂರು ತುಂಡಾಗುವುದರಿಂದ ಗಡಿಯಲ್ಲಿ ನಿಮಗಾಗಿ ಯಾರೂ ಕಾಯಬೇಕಿಲ್ಲ, ನಿಮ್ಮನ್ನು ಬಿಟ್ಟುಹೋಗುವವರೂ ಇಲ್ಲ. ವೀಸಾಕ್ಕೆ ಎರಡು ಗಂಟೆ ಹಿಡಿದರೂ ಆಚೆ ಮತ್ತೊಂದು ಗಾಡಿ ಇರುತ್ತದೆ. ಜೊತೆಗೆ ಸಹವಾಸವೂ ಒಳ್ಳೆಯದು. ಪುನೋದ ದಕ್ಷಿಣಕ್ಕೆ ಹಳ್ಳಿಗಳೆಲ್ಲ ಐಮಾರಾ ಮಾತಾಡುವವರದು. ಕನ್ನಡದ ಹಾಗೆ ಪದದ ಬಾಲಕ್ಕೆ ಪ್ರತ್ಯಯ ಪೋಣಿಸುತ್ತ ಹೋಗುವ ಭಾಷೆ, ಕ್ರಿಯಾಪದ ಬರುವುದೂ ಹೆಚ್ಚಾಗಿ ಕೊನೆಗೇ. ಆದರೆ ಒಂದು ವಿಷಯದಲ್ಲಿ ತಲೆಕೆಳಗು. ನಾವು ಕಳೆದದ್ದನ್ನು 'ಹಿಂದೆ' ಅನ್ನುತ್ತೇವೆ, ಬರುವುದನ್ನು 'ಮುಂದೆ'. ಅವರಿಗೆ ಕಳೆದದ್ದು ಕಣ್ಣೆದುರು, ಅಂದರೆ 'ನಾಯ್ರ'; ಬರಲಿರುವುದು ಬೆನ್ನ ಹಿಂದೆ, 'ಖಿಪ'. ನೋಡಿದ್ದು ತಾನೇ ಕಾಣುವುದು, ನೋಡದೇ ಇರುವುದು ಹೇಗೆ ಎದುರಿಗಿರುತ್ತದೆ ಎಂಬ ತರ್ಕ.

ಆದರೆ ಅಮ್ಮನ ಮಂಡಿಗೆ ಕೊಂಬಿ ಆಗದು. ಸೀಟಿನ ನಡುವೆ ಕಾಲು ಚಾಚಲು ಜಾಗವಿಲ್ಲ, ಎರಡೂವರೆ ಗಂಟೆ ಹಾಗೇ ಮಡಚಿಕೊಂಡಿರಬೇಕು, ನಡುನಡುವೆ ಜೋಳದ ಮೂಟೆ ಏರುತ್ತದೆ. ಯುಂಗುಯೋದಲ್ಲಿ ಭಾನುವಾರ ಸಂತೆ, ಆ ದಿನ ಇನ್ನೂ ಇಕ್ಕಟ್ಟು.

ಟೂರಿಸ್ಟ್ ಬಸ್ಸು ಎಲ್ಲರೂ ಹಿಡಿಯುವ ದಾರಿ, ಕೆಟ್ಟದ್ದೇನಲ್ಲ. ಪುನೋದಿಂದ ಬೆಳಗ್ಗೆ ಏಳು, ಏಳೂವರೆ ಸುಮಾರಿಗೆ ಒಂದು ಸರತಿ, ಮಧ್ಯಾಹ್ನದ ಮೇಲೆ ಇನ್ನೊಂದು. ಮಧ್ಯಾಹ್ನದ್ದು ಬೇಡ. ಕಸಾನಿ ರಾತ್ರಿಯಿಡೀ ತೆರೆದಿರುವ ಗಡಿಯಲ್ಲ, ಸಂಜೆ ಬಾಗಿಲು ಹಾಕುತ್ತಾರೆ. ಗಡಿಯಾರದ ತಕರಾರು ಬೇರೆ: ಬೊಲಿವಿಯಾ ಪೆರುವಿಗಿಂತ ಒಂದು ಗಂಟೆ ಮುಂದಿದೆ. ಪೆರುವಿನ ಕಡೆ ಐದಾಗಿದ್ದರೆ ನೂರಾರು ಹೆಜ್ಜೆ ಆಚೆ ಆರಾಗಿರುತ್ತದೆ. ಬಸ್ಸಿಗೆ ಹೋದರೆ ಎಡಗಡೆ ಸೀಟು ಕೇಳಿ, ಸರೋವರ ಆ ಕಡೆಗಿದೆ. ಬಸ್ಸಿನೊಳಗೆ ಶೌಚಾಲಯ ಇದ್ದರೂ ಮೂತ್ರಕ್ಕೆ ಮಾತ್ರ ಎಂದು ಬರೆದಿರುತ್ತಾರೆ, ಎಷ್ಟೋ ಸಲ ಬೀಗವೇ ಹಾಕಿರುತ್ತದೆ. ಟಿಕೆಟಿಗೆ ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ: 'ಎಲ್ ಬುಸ್ ಎಸ್ಪೆರಾ ಎನ್ ಲಾ ಫ್ರೊಂತೆರಾ?' ಬಸ್ಸು ಗಡಿಯಲ್ಲಿ ಕಾಯುತ್ತದೆಯೇ ಎಂದು. ಮೂವರೂ ಭಾರತದವರು ಎಂದು ಪಾಸ್‌ಪೋರ್ಟ್ ತೋರಿಸಿಯೇ ಕೇಳಿ. 'ಸೀ, ಸೀ' ಎಂದು ತಲೆಯೆತ್ತದೆ ಹೇಳಿದರೆ ನಂಬಬೇಡಿ. ವೀಸಾ ಎಲ್ಲಿ ಎಂದು ತಿರುಗಿ ಕೇಳುವ ಕೌಂಟರಿನವರು ಸಿಕ್ಕರೆ ಅಲ್ಲೇ ಟಿಕೆಟ್ ತಗೊಳ್ಳಿ.

ಉಳಿದದ್ದು ಬಾಡಿಗೆ ಕಾರು. ನಿಮಗೆ ನಾನು ಹೇಳುವುದು ಇದನ್ನೇ, ಆದರೆ ಒಂದು ತಿಳಿವಳಿಕೆಯೊಂದಿಗೆ. ಪುನೋದ ಟ್ಯಾಕ್ಸಿ ಸಾಮಾನ್ಯವಾಗಿ ಗಡಿ ದಾಟುವುದಿಲ್ಲ. 'ಕೋಪಕಬಾನಾದ ಹೋಟೆಲ್ ಬಾಗಿಲಿಗೇ ಬಿಡ್ತೀವಿ' ಎಂದು ಯಾರಾದರೂ ಹೇಳಿದರೆ, ಆಚೆ ಕಡೆ ಬೇರೆ ಕಾರು ಕಾದಿರುತ್ತದೆಯೇ ಎಂದು ಕೇಳಿ. ಹೋಟೆಲಿನವರ ಮೂಲಕ ಗೊತ್ತುಮಾಡಿದರೆ ಎರಡೂ ಕಡೆ ಏರ್ಪಾಡು ಮಾಡಿಸಬಹುದು. ಇಲ್ಲದಿದ್ದರೂ ಚಿಂತೆಯಿಲ್ಲ, ಕಸಾನಿಯಿಂದ ಆಚೆಗೆ ಇರುವುದು ಕಾಲು ಗಂಟೆಯ ದಾರಿ. ಪುನೋದಿಂದ 'ಕಸಾನಿ, ಮಿಗ್ರಾಸಿಯೋನೆಸ್' ತನಕ, ವಲಸೆ ಕಚೇರಿಯ ಬಾಗಿಲಿಗೆ ಎಂದು ಬಾಡಿಗೆ ಮಾತಾಡಿ. ಯುಂಗುಯೋ ಎಂದರೆ ಪಟ್ಟಣದ ಚೌಕದಲ್ಲೇ ಇಳಿಸಿಬಿಡುತ್ತಾರೆ. ಮೂರು ಜನಕ್ಕೆ ಹಂಚಿದರೆ ಬಸ್ಸಿಗಿಂತ ಹೆಚ್ಚೇ ಆಗುತ್ತದೆ, ಆದರೆ ಅಮ್ಮನಿಗೆ ಬೇಕೆಂದಾಗ ಕಾರು ನಿಲ್ಲುತ್ತದೆ.

ನಿಲ್ಲಲು ಜಾಗಗಳೂ ಇವೆ. ಇಲಾವೆಯಲ್ಲಿ ಟೀ. ಹುಲಿ ಎಂಬ ಊರು, ನಮ್ಮ ಹುಲಿಗೂ ಅದಕ್ಕೂ ಸಂಬಂಧವಿಲ್ಲ, ಸಣ್ಣ ಪಟ್ಟಣದಲ್ಲಿ ವಸಾಹತು ಕಾಲದ ನಾಲ್ಕು ಚರ್ಚು. 1576ರಲ್ಲಿ ಜೆಸ್ಯುಯಿಟರು ಎಂಬ ಕ್ಯಾಥೊಲಿಕ್ ಪಾದ್ರಿಗಳ ಪಂಗಡ ಬಂದು ನೆಲೆಸಿದ ಜಾಗ. ಒಂದನ್ನೇ ನೋಡುವುದಾದರೆ ಪೊಮಾಟಾದಲ್ಲಿ ನಿಲ್ಲಿಸಿ. ಕೆಂಪು ಮರಳುಗಲ್ಲಿನ ಸಾಂತಿಯಾಗೋ ಚರ್ಚು, ಕಿಟಕಿಗಳಿಗೆ ಗಾಜಿನ ಬದಲು ತೆಳು ಅಲಬಾಸ್ಟರ್ ಕಲ್ಲು, ಒಳಗೆ ಬೀಳುವ ಬೆಳಕಿಗೆ ಜೇನಿನ ಬಣ್ಣ. ಕಲ್ಲಿನ ಕೆತ್ತನೆಯನ್ನು ಹಳೇಬೀಡಿನಲ್ಲಿ ನೋಡಿ ಬೆಳೆದವರು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಪೊಮಾಟಾದ ಬಳಿಯೇ ರಸ್ತೆ ಕವಲೊಡೆಯುವುದು: ಎಡಕ್ಕೆ ಯುಂಗುಯೋ, ಇನ್ನೊಂದು ದೆಸಗ್ವಾದೆರೋ ಕಡೆಗೆ. ನೇರ ಲಾ ಪಾಸ್‌ಗೆ ಹೋಗುವವರು ಆ ಎರಡನೆಯದನ್ನು ಹಿಡಿಯುತ್ತಾರೆ. ಅದು ಲಾರಿ, ವ್ಯಾಪಾರ, ತಳ್ಳುಗಾಡಿಗಳ ಗಡಿ, ಮಂಗಳವಾರ ಶುಕ್ರವಾರ ಸಂತೆಯಿದ್ದರೆ ಕಾಲಿಡಲು ಜಾಗವಿರುವುದಿಲ್ಲ. ಅಮ್ಮನನ್ನು ಆ ಕಡೆ ಕರೆದೊಯ್ಯಬೇಡಿ.

ಕಸಾನಿಯಲ್ಲಿ ಮಾಡುವುದಿಷ್ಟು. ಪೆರುವಿನ ಕಚೇರಿಯಲ್ಲಿ ನಿರ್ಗಮನ ದಾಖಲಾಗಬೇಕು. ಅದಾಗದೆ ಮುಂದೆ ಹೆಜ್ಜೆ ಇಡಬೇಡಿ, ಆಚೆಯವರು ವಾಪಸ್ ಕಳಿಸುತ್ತಾರೆ. ಉಳಿದ ಪೆರುವಿನ ಹಣ ಸೋಲ್‌ಗಳನ್ನು ಅಲ್ಲೇ ಬೊಲಿವಿಯಾದ ಹಣ ಬೊಲಿವಿಯಾನೊಗೆ ಬದಲಿಸಿ, ಎಲ್ಲವನ್ನೂ ಅಲ್ಲ, ಒಂದೆರಡು ದಿನಕ್ಕಾಗುವಷ್ಟು. ಆಮೇಲೆ ಕಲ್ಲಿನ ಕಮಾನಿನ ಕಡೆಗೆ ನಡಿಗೆ, ಸ್ವಲ್ಪ ಏರು. ದೂರ ಕೆಲವೇ ನೂರು ಮೀಟರ್, ನಕ್ಷೆಯಲ್ಲಿ ಏನೂ ಅಲ್ಲ. ಆದರೆ ಟಿಟಿಕಾಕಾದ ನೀರಿನ ಮಟ್ಟವೇ 3,812 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. ಎರಡು ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಇಟ್ಟು ತುದಿಯಲ್ಲಿ ಸೂಟ್‌ಕೇಸ್ ಎಳೆಯುತ್ತಿದ್ದೇವೆ ಎಂದುಕೊಳ್ಳಿ. ಅಲ್ಲಿ ನೀರು 87, 88 ಡಿಗ್ರಿಗೇ ಕುದಿಯುತ್ತದೆ, ಹೋಟೆಲಿನ ಅನ್ನ ಕಡಲೆಯಂತಿರುವುದು ಅದಕ್ಕೇ. ಸಾಮಾನು ಹೊರಲು ಕೈಗಾಡಿಯವರು ಸಿಗುತ್ತಾರೆ, ಜಿಪುಣತನ ಬೇಡ. ಅಮ್ಮ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲಲಿ. ಕಾರು ಬೇಕೆಂದದ್ದು ಇದಕ್ಕಾಗಿಯೇ: ಬಸ್ಸಿನಲ್ಲಿ ಬಂದಿದ್ದರೆ ಆಚೆ ಹಾರ್ನ್ ಹೊಡೆಯುತ್ತಿರುತ್ತಾನೆ, ಅವರು ನಿಲ್ಲದೆ ನಡೆಯಲು ನೋಡುತ್ತಾರೆ.

ಎತ್ತರಕ್ಕೆ ಮೈ ಹೊಂದಿಕೊಳ್ಳಲು ದಿನ ಬೇಕು. ಲಿಮಾದಿಂದ ನೇರ ಪುನೋ ಹತ್ತಿರದ ಹುಲಿಯಾಕಾಕ್ಕೆ ವಿಮಾನ ಹಿಡಿದರೆ ಸಮುದ್ರಮಟ್ಟದಿಂದ ಒಂದೇ ನೆಗೆತಕ್ಕೆ ಮೇಲೆ ಬಂದಿರುತ್ತೀರಿ, ತಲೆ ಸಿಡಿಯುತ್ತದೆ. ಕುಸ್ಕೋದಲ್ಲಿ ಮೂರ್ನಾಲ್ಕು ದಿನ ಇದ್ದು ಪುನೋಗೆ ಬನ್ನಿ, ಪುನೋದಲ್ಲೂ ಒಂದು ದಿನ ಸುಮ್ಮನೆ ಕೂತಿರಿ. ಎತ್ತರದ ತೊಂದರೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೇ, ಬಿ.ಪಿ. ಮಾತ್ರೆಯ ಜೊತೆ ಆಗುತ್ತದೆಯೇ ಎಂಬುದನ್ನು ಅಮ್ಮನ ಡಾಕ್ಟರೇ ಹೇಳಬೇಕು. ಕೋಕಾ ಎಲೆಯ ಕಷಾಯ ಎಲ್ಲೆಡೆ ಕೊಡುತ್ತಾರೆ, ಅಲ್ಲಿ ಅದು ಕಾನೂನುಬದ್ಧ. ಎಲೆಯಾಗಲಿ, ಟೀ ಪೊಟ್ಟಣವಾಗಲಿ ಒಂದನ್ನೂ ಅಮೆರಿಕಕ್ಕೋ ಊರಿಗೋ ತರಬೇಡಿ. ಜೂನ್ ಅಲ್ಲಿ ಚಳಿಗಾಲ, ಬೆಳಗ್ಗೆ ಏಳಕ್ಕೆ ನೀರು ಹೆಪ್ಪುಗಟ್ಟುವ ಚಳಿ, ಹತ್ತರ ಹೊತ್ತಿಗೆ ಚರ್ಮ ಸುಡುವ ಬಿಸಿಲು. ಮಳೆಯಿಲ್ಲ, ರಸ್ತೆಗೆ ಅದು ಒಳ್ಳೆಯದು.

ರಸ್ತೆ ಎಂದಾಗ ಇನ್ನೊಂದು ಮಾತು. ಈ ದಾರಿಗೆ ದೊಡ್ಡ ಶತ್ರು ಮಳೆಯೂ ಅಲ್ಲ, ಹಿಮವೂ ಅಲ್ಲ, ರಸ್ತೆ ತಡೆ. 2011ರಲ್ಲಿ ಗಣಿಗಾರಿಕೆ ವಿರುದ್ಧ ಐಮಾರಾ ಜನ ವಾರಗಟ್ಟಲೆ ಈ ಗಡಿರಸ್ತೆಗಳನ್ನು ಕಟ್ಟಿಹಾಕಿದರು. 2023ರ ಆರಂಭದಲ್ಲಿ ಪೆರುವಿನ ರಾಜಕೀಯ ಪ್ರತಿಭಟನೆಗಳಲ್ಲಿ ಪುನೋ ಪ್ರದೇಶವೇ ಸ್ತಬ್ಧವಾಯಿತು. ಬೊಲಿವಿಯಾದ ಕಡೆಯೂ 'ಬ್ಲೊಕೆಯೊ' ಮಾಮೂಲು. ರಸ್ತೆಗೆ ಕಲ್ಲು ಪೇರಿಸಿ ಕೂತರೆ ಬಸ್ಸೂ ಒಂದೇ, ಕಾರೂ ಒಂದೇ. ಹಿಂದಿನ ದಿನ ಸಂಜೆ ಮತ್ತು ಹೊರಡುವ ಬೆಳಗ್ಗೆ ಹೋಟೆಲಿನಲ್ಲೂ ತೆರ್ಮಿನಾಲ್‌ನಲ್ಲೂ 'ಆಯ್ ಪಾರೊ?' ಎಂದು ಕೇಳಿ, ಬಂದ್ ಇದೆಯಾ ಎಂದು. ಇದೆ ಎಂದರೆ ಪುನೋದಲ್ಲೇ ಉಳಿಯಿರಿ. ಸುತ್ತುಬಳಸಿ ದಾಟಿಸುತ್ತೇನೆಂದು ಬರುವ ಚಾಲಕನ ಮಾತಿಗೆ ಮರುಳಾಗಬೇಡಿ. ಹಾಗಾಗಿ ಲಾ ಪಾಸ್‌ನಿಂದ ವಿಮಾನ ಕಾಯ್ದಿರಿಸುವಾಗ ನಡುವೆ ಎರಡು ದಿನ ಸಡಿಲ ಬಿಡಿ.

ಊಟಕ್ಕೆ ತೀರಾ ಕಷ್ಟವಿಲ್ಲ. ಆಲೂಗಡ್ಡೆಯ ತವರು ಅದು, ಬೇಯಿಸಿದ ಆಲೂ, ಮೆಕ್ಕೆಜೋಳ, ಹಸಿ ಚೀಸು ರಸ್ತೆ ಬದಿಯಲ್ಲೇ ಸಿಗುತ್ತವೆ. ಕಿನೋವಾ ಸೂಪು ತರಕಾರಿಯದೆಂದು ಕಂಡರೂ ಎಷ್ಟೋ ಕಡೆ ಮಾಂಸದ ಸಾರಿನಲ್ಲೇ ಮಾಡಿರುತ್ತಾರೆ, 'ಸಿನ್ ಕಾರ್ನೆ, ಸಿನ್ ಕಾಲ್ದೊ ದೆ ಕಾರ್ನೆ' ಎಂದು ಎರಡನ್ನೂ ಹೇಳಿ. ಒಗ್ಗರಣೆ ಅವಲಕ್ಕಿ ಒಂದು ಡಬ್ಬಿ ಇದ್ದರೆ ಆ ದಿನ ಕಳೆಯುತ್ತದೆ.

ಬೆಳಗ್ಗೆ ಏಳಕ್ಕೆ ಹೊರಟರೆ ಬೊಲಿವಿಯಾದ ಗಡಿಯಾರದಲ್ಲಿ ಹನ್ನೆರಡೂವರೆ ಹೊತ್ತಿಗೆ ಕೋಪಕಬಾನಾ ಚೌಕದಲ್ಲಿರುತ್ತೀರಿ. ಬಿಳಿ ಗೋಡೆಯ ಬಸಿಲಿಕಾ ಎದುರು ಬೆಳಗಿನ ಹೊತ್ತು ಕಾರು, ಲಾರಿ, ಬಸ್ಸುಗಳ ಸಾಲು ಕಂಡರೆ ಅಮ್ಮ ತಾವಾಗಿಯೇ ಅತ್ತ ಹೋಗುತ್ತಾರೆ. ಬಾನೆಟ್ಟಿಗೆ ಹೂಮಾಲೆ, ಬಣ್ಣದ ಕಾಗದ, ಚಕ್ರಕ್ಕೆ ಬಿಯರ್ ಅಭಿಷೇಕ, ಪಾದ್ರಿ ತೀರ್ಥ ಚಿಮುಕಿಸುವುದು: ನಿಂಬೆಹಣ್ಣು ಮತ್ತು ಬೂದುಗುಂಬಳ ಒಂದು ಬಿಟ್ಟರೆ ಪೂರಾ ನಮ್ಮ ಆಯುಧಪೂಜೆ. ಒಳಗಿರುವ ಮರಿಯಮ್ಮನ, ಅಂದರೆ ಯೇಸುವಿನ ತಾಯಿಯ, ವಿಗ್ರಹವನ್ನು ಕಡೆದವನು ಫ್ರಾನ್ಸಿಸ್ಕೊ ತಿತೊ ಯುಪಾಂಕಿ ಎಂಬ ಸ್ಥಳೀಯ; 1583ರಿಂದ ಅಲ್ಲಿದೆ. ಬ್ರೆಜಿಲ್‌ನ ರಿಯೋದಲ್ಲಿರುವ ಪ್ರಸಿದ್ಧ ಕೋಪಕಬಾನಾ ಕಡಲತೀರಕ್ಕೆ ಹೆಸರು ಹೋದದ್ದೂ ಈ ದೇವಿಯಿಂದಲೇ.

ಅಷ್ಟರಲ್ಲಿ ಯಾರಾದರೂ ಬಂದು ಸರೋವರದ ನಡುವಿನ ಸೂರ್ಯದ್ವೀಪಕ್ಕೆ ಒಂದೂವರೆಗೆ ದೋಣಿ ಇದೆ, ಬೇಗ ಬನ್ನಿ ಎಂದು ಕರೆಯುತ್ತಾರೆ. ಆ ದ್ವೀಪದಲ್ಲಿ ದೋಣಿ ಇಳಿದ ತಕ್ಷಣ ಇಂಕಾಗಳ ಕಾಲದ ಕಡಿದಾದ ಮೆಟ್ಟಿಲು. ಆ ದಿನ ಹೋಗಬೇಡಿ. ರೂಮಿಗೆ ಹೋಗಿ ಅಮ್ಮ ಕಾಲು ಚಾಚಿ ಮಲಗಲಿ. ಮರುದಿನ ಬೆಳಗ್ಗೆ ಎಂಟೂವರೆ ಸುಮಾರಿಗೆ ಇನ್ನೊಂದು ದೋಣಿ ಹೊರಡುತ್ತದೆ.